ಪೋರ್ಶೆ 911: ದಿಂಬಂ ಘಟ್ಟದ ತಿರುವು, ಕರಿ ಟ್ರ್ಯಾಕಿನ ಬ್ರೇಕು

ಪೋರ್ಶೆ 911 ಓಡಿಸಿ ಬಂದೆ ಎಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಸ್ಪೀಡ್ ಹೋಗುತ್ತದೆ? ಉತ್ತರ ಸುಲಭ. ಕಂಪನಿ ಕೊಟ್ಟಿರುವ ಲೆಕ್ಕ ಗಂಟೆಗೆ 308 ಕಿಲೋಮೀಟರ್. ನಿಂತಲ್ಲಿಂದ 100 ಮುಟ್ಟಲು ನಾಲ್ಕು ಸೆಕೆಂಡೂ ಬೇಡ. ಆದರೆ ನಮ್ಮ ಕಡೆಯ ಯಾವ ರಸ್ತೆಯಲ್ಲೂ ಆ 308ಕ್ಕೆ ಕೆಲಸವಿಲ್ಲ. ಈ ಕಾರು ಹೇಗೆ ನಿಲ್ಲುತ್ತದೆ? ಬ್ರೇಕ್ ಕಾದ ಮೇಲೂ ಹಾಗೆಯೇ ನಿಲ್ಲುತ್ತದಾ? ಬ್ರೇಕ್ ಒತ್ತುತ್ತಾ ತಿರುಗಿಸಿದರೆ ಮಾತು ಕೇಳುತ್ತದಾ? ನನಗೆ ಗೊತ್ತಾಗಬೇಕಿದ್ದದ್ದು ಇಷ್ಟು.

ಅದಕ್ಕೆ ಕಾರಣ ನನ್ನ ಕೆಲಸ. ಕೊಯಮತ್ತೂರಿನ ಕುರಿಚಿ ಕಡೆ ಒಂದು ಮೆಷಿನ್ ಶಾಪಿನಲ್ಲಿದ್ದೇನೆ. ಫೌಂಡ್ರಿಯಿಂದ ಬಂದ ಬ್ರೇಕ್ ಡ್ರಮ್ಮು, ಡಿಸ್ಕುಗಳನ್ನು ಸಿಎನ್‌ಸಿ ಲೇತ್‌ಗೆ ಕೂರಿಸಿ ಫೇಸಿಂಗ್ ಮಾಡುವುದು, ತೂತು ಹಾಕುವುದು, ಡಯಲ್ ಗೇಜ್ ಇಟ್ಟು ರನ್‌ಔಟ್, ಅಂದರೆ ತಿರುಗುವಾಗ ಎಷ್ಟು ಓಲಾಡುತ್ತದೆ ಎಂದು ನೋಡುವುದು, ಇದೇ ದಿನವಿಡೀ. ಊರು ತಾಳವಾಡಿ. ಈರೋಡು ಜಿಲ್ಲೆಗೆ ಸೇರಿದ್ದರೂ ನಮ್ಮ ಮನೆಮಾತು, ಸಂತೆಮಾತು ಕನ್ನಡವೇ. ಊರಿನಿಂದ ಕೊಯಮತ್ತೂರಿಗೆ ಬರಬೇಕಾದರೆ ದಿಂಬಂ ಘಟ್ಟ ಇಳಿಯಬೇಕು. ಆ ಘಟ್ಟದಲ್ಲಿ ಬ್ರೇಕ್ ಸುಟ್ಟ ವಾಸನೆ ಕುಡಿದುಕೊಂಡೇ ಬೆಳೆದವನು ನಾನು. ಬ್ರೇಕಿನ ಮೇಲೆ ನನಗಿರುವ ಪ್ರೀತಿ ಅಲ್ಲಿಂದಲೇ ಬಂದಿರಬೇಕು.

ನನ್ನ ಭಾಮೈದ ಈರೋಡಿನಲ್ಲಿ ಅರಿಸಿನದ ವ್ಯಾಪಾರ ಮಾಡುತ್ತಾನೆ. ಕಷ್ಟಪಟ್ಟು ಮೇಲೆ ಬಂದವನು. ಸ್ಕೂಲಿಗೆ ಹೋಗುವಾಗಿನಿಂದ ಅವನಿಗೆ 911ರ ಹುಚ್ಚು. ಈಗ ಹೊಸದು ಕೊಳ್ಳುವಷ್ಟಲ್ಲದಿದ್ದರೂ ಸೆಕೆಂಡ್ ಹ್ಯಾಂಡ್ ಕೊಳ್ಳುವಷ್ಟು ದುಡ್ಡು ಕೂಡಿಟ್ಟಿದ್ದಾನೆ. ಕೊಯಮತ್ತೂರಿನಲ್ಲಿ ಅವನ ವ್ಯಾಪಾರದ ಪರಿಚಯಸ್ಥರೊಬ್ಬರ ಹತ್ತಿರ 911ರಲ್ಲೇ ಒಂದು ಮಾದರಿಯಾದ 2020ರ ಕರೆರಾ ಎಸ್ ಇತ್ತು. ವಯಸ್ಸಾಯಿತು, ತಗ್ಗಿನ ಕಾರಿಗೆ ಹತ್ತಿ ಇಳಿಯಲು ಮೊಣಕಾಲು ಬಿಡುತ್ತಿಲ್ಲ ಎಂದು ಮಾರಲು ಹೊರಟಿದ್ದರು. ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿದ್ದರೂ ಅವರ ಮನೆಯಲ್ಲಿ ಕನ್ನಡವೇ. ಮಧ್ಯೆ ಮಧ್ಯೆ ತಮಿಳು ಸೇರುತ್ತದೆ ಅಷ್ಟೆ.

"ಭಾವ, ನೀವು ನೋಡಿ ಸರಿ ಅಂದ್ರೆ ಮಾತ್ರ ಅಡ್ವಾನ್ಸ್ ಕೊಡ್ತೀನಿ" ಎಂದ ಭಾಮೈದ.

ನಾನು ಒಂದೇ ಮಾತು ಹೇಳಿದೆ. ರೋಡಿನಲ್ಲಿ ನೋಡಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಟ್ರ್ಯಾಕಿಗೂ ಹಾಕಬೇಕು. ಮಾಲೀಕರು ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಅವರಿಗೆ ಖುಷಿಯೇ ಆಯಿತು. "ಟ್ರ್ಯಾಕ್‌ಗೆ ಹಾಕದೆ ಈ ಕಾರ್ ತಗೊಂಡವರು ಅದನ್ನ ಅರ್ಧ ತಗೊಂಡಂಗೆ ತಂಬಿ, ನಾನೂ ಬರ್ತೀನಿ" ಎಂದರು. ಅದು ಸಣ್ಣ ಮಾತಲ್ಲ. ನಮ್ಮ ಮಾಮೂಲಿ ಕಾರ್ ಇನ್ಶೂರೆನ್ಸ್ ರೇಸಿಗೆ, ವೇಗದ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಏನಾದರೂ ಆದರೆ ಖರ್ಚು ನಮ್ಮದೇ. ಅದನ್ನು ಮೊದಲೇ ಮೂವರೂ ಕೂತು ಮಾತಾಡಿಕೊಂಡೆವು.

ಓಡಿಸುವ ಮೊದಲು ಕಾರಿನ ಕೆಳಗೆ ನುಗ್ಗಿ ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ ಚಕ್ರದಲ್ಲಿ 2223 ಎಂದಿತ್ತು. ಅಂದರೆ 2023ರ 22ನೇ ವಾರದಲ್ಲಿ ತಯಾರಾದ ಟೈರು. ಬಿರುಕಿಲ್ಲ, ಉಬ್ಬಿಲ್ಲ. ಮುಂದೆ 245 ಅಗಲ, ಹಿಂದೆ 305. ಮುಂದಿನ ರಿಮ್ 20 ಇಂಚು, ಹಿಂದಿನದು 21.

ಬ್ರೇಕ್ ಆಯಿಲ್ ಮಾತ್ರ ಬದಲಾಯಿಸುವ ಹೊತ್ತಾಗಿತ್ತು. ಸರ್ವೀಸ್ ಪುಸ್ತಕದಲ್ಲಿ ಎರಡು ವರ್ಷ ತುಂಬುತ್ತಾ ಬಂದಿತ್ತು. ಟ್ರ್ಯಾಕಿಗೆ ಮೊದಲು ಇದು ಹೊಸದಾಗಲೇಬೇಕು ಎಂದು ಹಟ ಹಿಡಿದೆ. ಯಾಕೆಂದರೆ ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊರೊಳಗೆ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಕಾದು ಆಯಿಲ್ ಕುದಿಯಿತು ಎಂದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ಆಗ ಪೆಡಲ್ ನೆಲ ಮುಟ್ಟಿದರೂ ಡಿಸ್ಕಿಗೆ ಹಿಡಿತ ಬರುವುದಿಲ್ಲ. ಮಾಲೀಕರು ಮರುಮಾತಾಡದೆ ಆಯಿಲ್ ಬದಲಾಯಿಸಿಕೊಟ್ಟರು.

ಈ ಕಾರಿನ ವಿಶೇಷ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಇದನ್ನು ಮೊದಲು ತೋರಿಸಿದಾಗ ಹೆಸರು 901. ಮೂರಂಕಿಯ ಹೆಸರಿನ ಮಧ್ಯೆ ಸೊನ್ನೆ ಇಡುವುದು ತಮ್ಮ ಹಕ್ಕು ಎಂದು ಪೂಜೋ ಕಂಪನಿ ತಕರಾರು ತೆಗೆಯಿತು. ಹಾಗಾಗಿ 1964ರಲ್ಲಿ 911 ಆಯಿತು. ಆಗಿನಿಂದ ಈಗಿನವರೆಗೂ ಒಂದು ಸಂಗತಿ ಬದಲಾಗಿಲ್ಲ. ಎಂಜಿನ್ ಹಿಂದೆ ಇದೆ. ಹಿಂದೆ ಅಂದರೆ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಆರು ಸಿಲಿಂಡರ್, ಒಂದು ಮಗ್ಗುಲಿಗೆ ಮೂರರಂತೆ ಮಲಗಿಸಿದ್ದಾರೆ. ನಾನು ಓಡಿಸಿದ ಕರೆರಾ ಎಸ್‌ನಲ್ಲಿ 3 ಲೀಟರ್ ಎಂಜಿನ್, ಎರಡು ಟರ್ಬೊ, 450 ಪಿಎಸ್ (ಅಶ್ವಶಕ್ತಿ) ಶಕ್ತಿ, 530 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಗೇರ್ ಎಂಟು, ಎರಡು ಕ್ಲಚ್ಚಿನ ಪಿಡಿಕೆ ಗೇರ್‌ಬಾಕ್ಸ್.

ಹೀಗೆ ಎಂಜಿನ್ ಹಿಂದಿರುವುದರಿಂದ ಕಾರಿನ ತೂಕದಲ್ಲಿ ನೂರಕ್ಕೆ 60 ಪಾಲಿಗಿಂತ ಜಾಸ್ತಿ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಎತ್ತಿನ ಗಾಡಿ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೇರು ಹಿಂಭಾರವಾದರೆ ನೊಗ ಮೇಲೇಳುತ್ತದೆ. ಎತ್ತು ಎಷ್ಟೇ ಗಟ್ಟಿಯಿರಲಿ, ಗಾಡಿ ಹೇಳಿದ ಕಡೆ ತಿರುಗುವುದಿಲ್ಲ. 911 ಕೂಡ ಹಿಂಭಾರದ ಗಾಡಿಯೇ. ಅರವತ್ತು ವರ್ಷದಿಂದ ಪೋರ್ಶೆ ಎಂಜಿನಿಯರುಗಳು ಮಾಡುತ್ತಾ ಬಂದಿರುವುದು ಈ ಹಿಂಭಾರವನ್ನು ಪಳಗಿಸುವ ಕೆಲಸ.

ಒಂದು ಬೆಳಿಗ್ಗೆ ಭಾಮೈದ, ನಾನು ಕೊಯಮತ್ತೂರು ಬಿಟ್ಟೆವು. ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ. ಈ ದಾರಿಯ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಬಸ್ಸು, ತೆಂಗಿನಕಾಯಿ ಲಾರಿ, ಊರಿಗೊಂದು ಹಂಪು. ಆದರೆ ನಿಧಾನವಾಗಿ ಹೋಗುವಾಗ ಕಾರು ಎಷ್ಟು ಸಾಧುವಾಗಿರುತ್ತದೆ ಎಂಬುದು ಇಲ್ಲೇ ಗೊತ್ತಾಗಿದ್ದು. 40ರಲ್ಲಿ ಐದನೇ ಗೇರಿಗೆ ತಾನೇ ಹೋಗಿ ಸುಮ್ನೆ ಸಾಗುತ್ತದೆ. ಕುಣಿಯುವುದಿಲ್ಲ, ಎಳೆದಾಡುವುದಿಲ್ಲ. ಗುಂಡಿ ಬಿದ್ದ ಕಡೆ ಟೈರಿನ ಸದ್ದು ಒಳಗೆ ಕೇಳುತ್ತದೆ, ಆದರೆ ಬೆನ್ನಿಗೆ ಏಟು ಬೀಳುವುದಿಲ್ಲ. ಗ್ಲಾಸು ದೊಡ್ಡದು. ಮುಂದಿನ ಎರಡು ಮಡ್‌ಗಾರ್ಡುಗಳ ಉಬ್ಬು ಸೀಟಿನಿಂದಲೇ ಕಾಣುತ್ತದೆ. ಹಾಗಾಗಿ ಚಕ್ರ ಎಲ್ಲಿದೆ ಎಂದು ಊಹಿಸಬೇಕಿಲ್ಲ. ಕಿರಿದಾದ ರಸ್ತೆಗೆ ಇದು ದೊಡ್ಡ ಅನುಕೂಲ.

ಹಂಪುಗಳಿಗೆ ಒಂದು ಬಟನ್ ಇದೆ. ಒತ್ತಿದರೆ ಕಾರಿನ ಮೂಗು ಸುಮಾರು 40 ಮಿಲಿಮೀಟರ್ ಮೇಲೇಳುತ್ತದೆ. ಎಲ್ಲಾ 911ರಲ್ಲೂ ಇರುವುದಿಲ್ಲ, ಕೊಳ್ಳುವಾಗ ಬೇರೆ ದುಡ್ಡು ಕೊಟ್ಟು ಹಾಕಿಸಬೇಕು. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ನೋಡುವವರು ಈ ಬಟನ್ ಇದೆಯಾ ಎಂದು ಮೊದಲು ನೋಡಿ. ಇಲ್ಲದಿದ್ದರೆ ಬೇರೆ ಕಾರು ಹುಡುಕಿ ಎಂದೇ ನಾನು ಹೇಳುವುದು.

ಬಣ್ಣಾರಿ ಅಮ್ಮನಿಗೆ ಕೈಮುಗಿದು ಘಟ್ಟ ಹತ್ತಿದೆವು. 27 ಹೇರ್‌ಪಿನ್ ತಿರುವು. ಒಂದೊಂದಕ್ಕೂ ನಂಬರ್ ಬೋರ್ಡಿದೆ. ಚಾಮರಾಜನಗರ ಮತ್ತು ಸತ್ಯಮಂಗಲದ ನಡುವಿನ ಈ ರಾಷ್ಟ್ರೀಯ ಹೆದ್ದಾರಿ 948 ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಒಳಗೇ ಹೋಗುತ್ತದೆ. ರಸ್ತೆಯಲ್ಲಿ ಪ್ರಾಣಿಗಳು ಸಾಯುತ್ತಿದ್ದವು ಎಂದು ಕೋರ್ಟ್ ಆದೇಶದ ಮೇಲೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ನಮ್ಮೂರಿನವರಿಗೆ ಇದರಿಂದ ತೊಂದರೆಯಾಗಿದ್ದು ನಿಜ. ಆಸ್ಪತ್ರೆ, ತರಕಾರಿ ಲೋಡು ಎಲ್ಲಕ್ಕೂ ಇದೇ ದಾರಿ ಅಲ್ವಾ. ಆದರೂ ಇದು ಮೊದಲು ಕಾಡಿನ ಜಾಗ ಎಂಬುದನ್ನು ನಾನು ಮರೆಯುವುದಿಲ್ಲ. ಕಾರಿನಲ್ಲಿ ಎಕ್ಸಾಸ್ಟ್ ಸದ್ದು ಜಾಸ್ತಿ ಮಾಡುವ ಬಟನ್ ಒಂದಿತ್ತು. ಘಟ್ಟ ಮುಗಿಯುವವರೆಗೂ ಅದನ್ನು ಮುಟ್ಟುವುದಿಲ್ಲ ಎಂದು ಬಣ್ಣಾರಿಯಲ್ಲೇ ತೀರ್ಮಾನ ಮಾಡಿಕೊಂಡೆವು.

ಘಟ್ಟದಲ್ಲಿ ಜೋರಾಗಿ ಓಡಿಸುವ ಮಾತೇ ಇಲ್ಲ. ಲಾರಿಗಳಿಗೆ ಹೇರ್‌ಪಿನ್ ತಿರುಗಲು ರಸ್ತೆಯ ಪೂರಾ ಅಗಲ ಬೇಕು. ಮೇಲಿನಿಂದ ಲಾರಿ ತಿರುಗಿಸುತ್ತಿದ್ದರೆ ನಾವು ಕೆಳಗೇ ನಿಂತು ಜಾಗ ಬಿಡುವುದು ಇಲ್ಲಿನ ಪದ್ಧತಿ. ಹತ್ತುವ ಗಾಡಿಗೆ ಮೊದಲ ಹಕ್ಕು ಎಂದು ನಿಯಮ ಹೇಳುತ್ತದೆ. ಆದರೆ ಹತ್ತು ಚಕ್ರದ ಲಾರಿಯ ಮುಂದೆ ಹಕ್ಕಿನ ಮಾತಾಡಿ ಪ್ರಯೋಜನವಿಲ್ಲ. ಹಾಗೆ ನಿಂತು, ಮತ್ತೆ ಹೊರಟು, ಮತ್ತೆ ನಿಂತು ಹತ್ತುವಾಗಲೇ ಈ ಕಾರಿನ ಹಿಂಭಾರದ ಲಾಭ ಅನುಭವಕ್ಕೆ ಬಂತು. ಏರಿನಲ್ಲಿ, ಸ್ಟೀರಿಂಗ್ ಪೂರಾ ತಿರುಗಿಸಿಕೊಂಡು ನಿಂತಲ್ಲಿಂದ ಹೊರಡಬೇಕು. ಎಂಜಿನ್ ಮುಂದಿರುವ ನನ್ನ ಕಾರಿನಲ್ಲಿ ಆದರೆ ಮುಂದಿನ ಚಕ್ರ ಸುತ್ತಿ ಕಿರುಗುಟ್ಟುತ್ತದೆ. ಇದರಲ್ಲಿ ತೂಕವೆಲ್ಲ ಓಡಿಸುವ ಚಕ್ರದ ಮೇಲೇ ಕೂತಿದೆ. ಒಂದು ಚೂರೂ ಜಾರದೆ ಎದ್ದು ಹೊರಟಿತು.

ಅರ್ಧ ಘಟ್ಟ ದಾಟುವ ಹೊತ್ತಿಗೆ ಮಂಜು ಬಂತು, ಹಿಂದೆಯೇ ಸೋನೆ ಮಳೆ. ಆಗ ಕಾರೇ ಹೇಳಿತು, ರಸ್ತೆ ಒದ್ದೆಯಾಗಿದೆ, ವೆಟ್ ಮೋಡ್ ಹಾಕಿಕೊಳ್ಳಿ ಎಂದು. ಮುಂದಿನ ಚಕ್ರದ ಗೂಡಿನಲ್ಲಿ ಸದ್ದು ಕೇಳುವ ಸೆನ್ಸರ್ ಇಟ್ಟಿದ್ದಾರೆ. ಟೈರಿನಿಂದ ಚಿಮ್ಮುವ ನೀರಿನ ಸದ್ದಿನ ಮೇಲೆ ಅದು ರಸ್ತೆಯ ಒದ್ದೆ ಲೆಕ್ಕ ಹಾಕುತ್ತದೆ. ಸ್ಟೀರಿಂಗಿನ ಮೇಲಿರುವ ಗುಂಡಿ ತಿರುಗಿಸಿ ವೆಟ್‌ಗೆ ಹಾಕಿದೆ. ಆಕ್ಸಿಲರೇಟರ್ ಒತ್ತಿದರೆ ಶಕ್ತಿ ತಡೆದು ತಡೆದು ಬರಲು ಶುರುವಾಯಿತು. ಈ ಮಳೆ ಕೇಳುವ ಕಿವಿ ನನಗೆ ತುಂಬಾ ಹಿಡಿಸಿತು. 450 ಪಿಎಸ್ ಕೊಟ್ಟವರು ಅದನ್ನು ಯಾವಾಗ ಬಿಗಿಹಿಡಿಯಬೇಕು ಎಂದೂ ಯೋಚನೆ ಮಾಡಿದ್ದಾರೆ.

ಎದುರಿನಿಂದ ಇಳಿಯುತ್ತಿದ್ದ ಒಂದು ಲಾರಿಯ ಹಿಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಮೊದಲೇ ಹೇಳಿದ ಆ ವಾಸನೆ. ಇಳಿಜಾರಿನಲ್ಲಿ ಮೇಲಿನ ಗೇರಿನಲ್ಲಿ ಬಿಟ್ಟುಕೊಂಡು ಬರೀ ಬ್ರೇಕಿನ ಮೇಲೆ ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತದೆ. ಹಿಗ್ಗಿದರೆ ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗಿನಿಂದ ದೂರ ಸರಿಯುತ್ತದೆ. ಲೈನಿಂಗೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ನಮ್ಮ ಕಡೆಯ ಹಳೇ ಡ್ರೈವರುಗಳು ಹೇಳುವುದು ಇದಕ್ಕೇ. ಮಾರನೇ ದಿನ ಇಳಿಯುವಾಗ ನಾನೂ ಪಿಡಿಕೆಯನ್ನು ಮ್ಯಾನುವಲ್‌ಗೆ ಹಾಕಿ ಎರಡನೇ ಗೇರಿನಲ್ಲೇ ಇಳಿಸಿದೆ. ಎಂಜಿನ್ನೇ ಕಾರನ್ನು ತಡೆದು ಹಿಡಿದಿತ್ತು. ಬ್ರೇಕ್ ತಿರುವಿನ ಬಾಯಲ್ಲಿ ಮಾತ್ರ ಬೇಕಾಯಿತು.

ಮೇಲೆ ಹಾಸನೂರಿನ ಹತ್ತಿರ ಕಾರಪಳ್ಳಂ ಚೆಕ್‌ಪೋಸ್ಟಿನ ಸುತ್ತಮುತ್ತ ಆನೆಗಳು ಕಬ್ಬಿನ ಲಾರಿಗೆ ಕಾಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ದಿನ ಕಾಣಲಿಲ್ಲ. ಆದರೂ ಆ ಜಾಗದಲ್ಲಿ ನಡೆಯುವಷ್ಟು ನಿಧಾನಕ್ಕೆ ಹೋದೆವು.

ಊರಿನಲ್ಲಿ ನಮ್ಮ ಅತ್ತೆ ಕಾರನ್ನು ಒಂದು ಸುತ್ತು ಬಂದು ನೋಡಿದರು. "ಇಷ್ಟ್ ತಗ್ಗಾಗದಲ್ಲಪ್ಪಾ, ಹೆಂಗ್ ಹತ್ತದು, ಹೆಂಗ್ ಇಳಿಯದು?" ಎಂದರು. ಹಿಂದಿನ ಸೀಟಿನಲ್ಲಿ ಮಕ್ಕಳು ಮಾತ್ರ ಕೂರಲು ಆಗುವುದು. ಅತ್ತೆಯನ್ನು ಮುಂದೆ ಕೂರಿಸಿಕೊಂಡು ಭಾಮೈದ ಊರ ಬೀದಿಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿಸಿದ. ಎಲೆಕೋಸು ತುಂಬುತ್ತಿದ್ದವರು ಕೆಲಸ ಬಿಟ್ಟು ನೋಡಿದರು. ಇಳಿದ ಮೇಲೆ ಅತ್ತೆ ಹೇಳಿದ್ದು: "ಸದ್ದಿಲ್ದೆ ಹೋಯ್ತದೆ ಕನಾ, ಚೆನ್ನಾಗದೆ." ಅಷ್ಟು ದೊಡ್ಡ ಎಂಜಿನ್ನಿನ ಕಾರಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕಾ?

ಟ್ರ್ಯಾಕಿನ ದಿನ ಬೇರೆಯೇ. ಕೊಯಮತ್ತೂರಿನ ಪಕ್ಕದ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಉದ್ದದಲ್ಲಿ ದೊಡ್ಡದಲ್ಲ. 2.1 ಕಿಲೋಮೀಟರ್. 2003ರಲ್ಲಿ ಶುರುವಾಯಿತು. ಹೆಸರು ಎಸ್. ಕರಿವರ್ಧನ್ ಅವರದ್ದು. ಕೊಯಮತ್ತೂರಿನ ರೇಸರ್. ಸುಮ್ನೆ ರೇಸ್ ಓಡಿಸಿದವರಲ್ಲ, ಕಾರನ್ನೂ ಕಟ್ಟಿದವರು. ಮಾರುತಿ ಎಂಜಿನ್ ಹಾಕಿ ಕಡಿಮೆ ಖರ್ಚಿನಲ್ಲಿ ಒಂದೇ ಸೀಟಿನ ರೇಸ್ ಕಾರು ಮಾಡಿ, ನಮ್ಮ ಹುಡುಗರಿಗೂ ಫಾರ್ಮುಲಾ ಕಾರು ಕೈಗೆ ಸಿಗುವ ಹಾಗೆ ಮಾಡಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಇದೇ ಊರಿನವರು. ಲೇತು, ಫೌಂಡ್ರಿ, ಪಂಪ್‌ಸೆಟ್ಟಿನ ಊರಿನಲ್ಲಿ ರೇಸಿಂಗ್ ಬೆಳೆದದ್ದು ಆಶ್ಚರ್ಯವಲ್ಲ. ಮುರಿದದ್ದನ್ನು ಸಂಜೆಯೊಳಗೆ ಮಾಡಿಕೊಡುವ ಕೈಗಳು ಇಲ್ಲಿ ಬೀದಿ ಬೀದಿಯಲ್ಲಿವೆ.

ಬೆಳಿಗ್ಗೆ ಮೊದಲು ಪಾಠ. ಯಾವ ಬಾವುಟಕ್ಕೆ ಏನರ್ಥ, ಎಲ್ಲಿ ಮಾತ್ರ ಓವರ್‌ಟೇಕ್ ಮಾಡಬಹುದು, ಮುಂದಿನವರು ಕೈ ತೋರಿಸದೆ ಮುಂದೆ ಹೋಗುವ ಹಾಗಿಲ್ಲ. ಹೆಲ್ಮೆಟ್ ಕಡ್ಡಾಯ. ಪಕ್ಕದ ಸೀಟಿನಲ್ಲಿ ಒಬ್ಬ ತರಬೇತುದಾರರು ಕೂತರು. ಟೈರಿನ ಗಾಳಿ ತಣ್ಣಗಿದ್ದಾಗ ಒಂದು ಸಲ ಅಳೆದೆ. ಓಡಿದ ಮೇಲೆ ಒಳಗಿನ ಗಾಳಿ ಕಾದು ಒತ್ತಡ ಏರುತ್ತದೆ. ಬಂದ ತಕ್ಷಣ ಮತ್ತೆ ಅಳೆದು, ಬೇಕಾದ್ದಕ್ಕಿಂತ ಹೆಚ್ಚಾಗಿದ್ದರೆ ಇಳಿಸಬೇಕು. ಈ ಕೆಲಸ ಭಾಮೈದನಿಗೆ ವಹಿಸಿದೆ.

ಮೊದಲ ಸುತ್ತುಗಳು ನಿಧಾನ. ಟೈರು, ಬ್ರೇಕು ಎರಡೂ ಬಿಸಿಯಾಗಬೇಕು. ತರಬೇತುದಾರರು ತಮಿಳಿನಲ್ಲಿ ಹೇಳುತ್ತಿದ್ದದ್ದು ಒಂದೇ, ಕಾರಿನ ಮೂಗು ನೋಡಬೇಡಿ, ಮುಂದಿನ ತಿರುವು ನೋಡಿ. ಆಮೇಲೆ ನೇರ ದಾರಿಯಲ್ಲಿ ಪೂರಾ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಎಂಜಿನ್ನಿನ ಗರ್ಜನೆ ಹಿಂದಿನಿಂದ ಕತ್ತಿನ ಹತ್ತಿರಕ್ಕೆ ಬಂತು. ಮೂರು, ನಾಲ್ಕು, ಗೇರ್ ಬದಲಾದದ್ದು ಕಿವಿಗೆ ಕೇಳಿತೇ ಹೊರತು ಮೈಗೆ ತಿಳಿಯಲಿಲ್ಲ. ಮುಳ್ಳು 170ರ ಹತ್ತಿರ. ಇದೆಲ್ಲಾ ಒಂದು ಉಸಿರಿನಲ್ಲಿ ಮುಗಿದು ಹೋಗುತ್ತದೆ. ಅಷ್ಟರಲ್ಲಿ ಬ್ರೇಕ್ ಒತ್ತಲು ಇಟ್ಟಿರುವ ಕೋನ್ ಬಂತು.

ಒತ್ತಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಕೈಯಲ್ಲಿ ಹಿಡಿದು ನೋಡಿದ ವಸ್ತು ಏನು ಮಾಡಬಲ್ಲದು ಎಂದು ಆ ಕ್ಷಣ ಗೊತ್ತಾಯಿತು. ಬೆಲ್ಟು ಎದೆಗೆ ಕಚ್ಚಿತು. ಕಣ್ಣು ಮುಂದಕ್ಕೆ ಬಂದಂತಾಯಿತು. ಆದರೆ ಕಾರು ಮೂಗು ನೆಲಕ್ಕೆ ಕುಕ್ಕಲಿಲ್ಲ. ನಾಲ್ಕೂ ಚಕ್ರ ಒಟ್ಟಿಗೇ ನೆಲ ಹಿಡಿದು, ಇಡೀ ಕಾರು ಸಮನಾಗಿ ಕೆಳಗೆ ಕೂತಿತು.

ಇದು ಹೇಗೆ ಅಂದರೆ, ಮತ್ತೆ ಅದೇ ಹಿಂಭಾರ. ಬ್ರೇಕ್ ಒತ್ತಿದಾಗ ಯಾವ ಕಾರಿನಲ್ಲಾದರೂ ಭಾರ ಮುಂದಕ್ಕೆ ಹೋಗುತ್ತದೆ. ಎಂಜಿನ್ ಮುಂದಿರುವ ಕಾರಿನಲ್ಲಿ ಮೊದಲೇ ಮುಂಭಾರ. ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಹಗುರವಾಗಿ ಅದರಿಂದ ಹೆಚ್ಚು ಕೆಲಸ ತೆಗೆಯಲು ಆಗುವುದಿಲ್ಲ. ಅದಕ್ಕೇ ಅಂಥ ಕಾರುಗಳಲ್ಲಿ ಹಿಂದಿನ ಡಿಸ್ಕು ಸಾಮಾನ್ಯವಾಗಿ ಚಿಕ್ಕದು, ಎಷ್ಟೋ ಕಡೆ ಬರೀ ಡ್ರಮ್ಮು. 911ರಲ್ಲಿ ಭಾರ ಮುಂದಕ್ಕೆ ಸರಿದ ಮೇಲೂ ಹಿಂದಿನ ಚಕ್ರದ ಮೇಲೆ ಸಾಕಷ್ಟು ಉಳಿದಿರುತ್ತದೆ. ನಾಲ್ಕೂ ದುಡಿಯುತ್ತವೆ. ಕರೆರಾ ಎಸ್‌ನ ಡಿಸ್ಕು ಮುಂದೆಯೂ 350 ಮಿಲಿಮೀಟರ್, ಹಿಂದೆಯೂ 350. ಈ ಅಳತೆ ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಅನ್ನಿಸುತ್ತದೆ. ಓಡಿಸಿದ ಮೇಲೆ ಅರ್ಥವಾಗುತ್ತದೆ.

ವೇಗ ಮೂರು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ಒಂಬತ್ತು ಪಟ್ಟಾಗುತ್ತದೆ. 60ರಿಂದ ನಿಲ್ಲಿಸುವುದಕ್ಕೂ 180ರಿಂದ ನಿಲ್ಲಿಸುವುದಕ್ಕೂ ಇರುವ ಅಂತರ ಅಷ್ಟು. ಆ ಶಕ್ತಿಯೆಲ್ಲ ಬಿಸಿಯಾಗಿ ಡಿಸ್ಕಿಗೆ ಇಳಿಯುತ್ತದೆ. ಡಿಸ್ಕಿಗೆ ಬೂದು ಎರಕದ ಕಬ್ಬಿಣವನ್ನೇ ಇಂದಿಗೂ ಬಳಸುವುದು ಇದಕ್ಕೆ. ಅದರೊಳಗಿನ ಗ್ರಾಫೈಟ್ ಚಕ್ಕೆಗಳು ಬಿಸಿಯನ್ನು ಬೇಗ ಹರಡುತ್ತವೆ, ನಡುಕವನ್ನೂ ತಿಂದುಹಾಕುತ್ತವೆ. ಬೆಲೆಯೂ ಕಡಿಮೆ. ದುಡ್ಡು ಜಾಸ್ತಿ ಕೊಟ್ಟರೆ ಪೋರ್ಶೆಯಲ್ಲಿ ಸೆರಾಮಿಕ್ ಡಿಸ್ಕು ಸಿಗುತ್ತದೆ. ಹಳದಿ ಕ್ಯಾಲಿಪರ್ ಕಂಡರೆ ಸೆರಾಮಿಕ್ ಎಂದು ಗುರುತು. ನಮ್ಮದು ಕೆಂಪು, ಎರಕದ ಡಿಸ್ಕು. ಎಲ್ಲೋ ಒಬ್ಬ ನನ್ನಂಥವನು ಅದನ್ನೂ ಲೇತಿನ ಮೇಲೆ ಕೂರಿಸಿ ಗೇಜ್ ಇಟ್ಟು ನೋಡಿರುತ್ತಾನೆ ಎಂದು ಯೋಚಿಸಿದರೆ ನನಗೆ ಹೆಮ್ಮೆಯಾಗುತ್ತದೆ.

ಇನ್ನು ತಿರುವು. ಹಳೆಯ 911ಗಳಿಗೆ ಒಂದು ಕೆಟ್ಟ ಹೆಸರಿತ್ತು. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಹೋಗಿ, ಹಿಂದಿನ ಟೈರು ಹಿಡಿತ ಬಿಟ್ಟು, ಆ ಭಾರವಾದ ಎಂಜಿನ್ ಇಡೀ ಕಾರನ್ನು ಗಿರ್ರನೆ ತಿರುಗಿಸಿಬಿಡುತ್ತಿತ್ತು. ಈಗ ಅಗಲವಾದ ಟೈರು, ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ಸು ಎಲ್ಲಾ ಇವೆ. ಆದರೂ ಸ್ವಭಾವ ಹೋಗಿಲ್ಲ, ಪಳಗಿದೆ ಅಷ್ಟೆ. ಅದನ್ನು ಅರಿತುಕೊಂಡರೆ ಮಾತ್ರ ಈ ಕಾರು ಚೆನ್ನಾಗಿ ತಿರುಗುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಪೂರಾ ಬಿಟ್ಟು ಸ್ಟೀರಿಂಗ್ ತಿರುಗಿಸಿದರೆ ಮೂಗು ಹಗುರ. ನೊಗ ಎದ್ದ ಹಾಗೆ. ಕಾರು ಹೊರಕ್ಕೆ ಜಾರುತ್ತದೆ. ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ತಿರುಗಿಸಿದರೆ ಮುಂದಿನ ಟೈರಿನ ಮೇಲೆ ಭಾರ ಉಳಿದು ಮೂಗು ಒಳಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ತಿರುವಿನ ಒಳ ಅಂಚು ಮುಟ್ಟಿದ ಕೂಡಲೇ ಆಕ್ಸಿಲರೇಟರ್. ಭಾರ ಹಿಂದಕ್ಕೆ ಹೋಗುತ್ತದೆ, ಹಿಂದಿನ ಅಗಲವಾದ ಟೈರು ನೆಲವನ್ನು ಒತ್ತಿ ಹಿಡಿಯುತ್ತದೆ. ಬೇರೆ ಕಾರುಗಳು ಇನ್ನೂ ಕಾಯುವ ಜಾಗದಲ್ಲಿ ಇದು ಹೊರಟೇ ಬಿಡುತ್ತದೆ.

ತರಬೇತುದಾರರು ಪೆಡಲ್ ಬಿಡುವುದನ್ನು ಕಲಿಸಿದ ಹಾಗೆ ಯಾರೂ ನನಗೆ ಡ್ರೈವಿಂಗ್ ಕಲಿಸಿಲ್ಲ. ಬ್ರೇಕ್ ಒತ್ತಲು ಎಲ್ಲರಿಗೂ ಬರುತ್ತದೆ, ಬಿಡುವುದೇ ಕಷ್ಟ ಎಂದು ಅವರು ಹೇಳಿ ಹೇಳಿ, ಪಾದದ ಬೆರಳಿಗೆ ಆ ಲೆಕ್ಕ ಇಳಿಯುವ ಹಾಗೆ ಮಾಡಿದರು. ಒಂದು ಉದ್ದದ ತಿರುವಿನಲ್ಲಿ ಅದು ಸರಿಯಾಗಿ ಕೂಡಿ ಬಂತು. ಸ್ಟೀರಿಂಗ್ ಅರ್ಧಕ್ಕರ್ಧ ಕಡಿಮೆ ತಿರುಗಿಸಿದರೂ ಕಾರು ತಾನಾಗಿ ಒಳಕ್ಕೆ ಬಂತು. ಹೆಲ್ಮೆಟ್ಟಿನೊಳಗೆ ಜೋರಾಗಿ ನಕ್ಕುಬಿಟ್ಟೆ.

ನಂತರ ಬ್ರೇಕಿಗೆ ನಿಜವಾದ ಪರೀಕ್ಷೆ. ಸುತ್ತಿನ ಮೇಲೆ ಸುತ್ತು, ಅದೇ ಕೋನ್, ಅದೇ ಒತ್ತಡ. ಪೆಡಲ್ ಎಲ್ಲಿ ಕಚ್ಚುತ್ತದೆ ಎಂದು ಪಾದದಲ್ಲೇ ಗುರುತಿಟ್ಟುಕೊಂಡಿದ್ದೆ. ಒಂದು ಸಲವೂ ಕೆಳಗೆ ಹೋಗಲಿಲ್ಲ. ಕೊನೆಯಲ್ಲಿ ಬ್ರೇಕ್ ಮುಟ್ಟದೆ ನಿಧಾನವಾಗಿ ಒಂದು ಸುತ್ತು ಬಂದು ತಣಿಸಿ, ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿಗೆ ತಂದೆ. ನಿಲ್ಲಿಸಿದ ಮೇಲೆ ಬ್ರೇಕಿನ ಮೇಲಿನ ಕಾಲು ತೆಗೆಯಬೇಕು. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡೇ ನಿಂತರೆ ಅಲ್ಲಿ ಮಾತ್ರ ಪ್ಯಾಡಿನ ಪದರ ಅಂಟಿಕೊಳ್ಳುತ್ತದೆ. ಆಮೇಲೆ ಪೆಡಲ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಜನ ಗ್ಯಾರೇಜಿಗೆ ತರುವುದರಲ್ಲಿ ಎಷ್ಟೋ ಕೇಸು ಇದೇ.

ಶಾಪಿನಿಂದ ತಂದಿದ್ದ ಟೆಂಪರೇಚರ್ ಗನ್ ಹಿಡಿದರೆ ತಣಿಸಿ ತಂದ ಮೇಲೂ ಮುಂದಿನ ಡಿಸ್ಕು 300 ಡಿಗ್ರಿ ದಾಟಿತ್ತು. ಹಳೇ ಆಯಿಲ್ ಇದ್ದಿದ್ದರೆ ಎಂದು ಮಾಲೀಕರ ಮುಖ ನೋಡಿದೆ. ಅವರು ತಲೆಯಾಡಿಸಿದರು.

ಡಿಸ್ಕು ಪೂರಾ ತಣಿದ ಮೇಲೆ ಚಕ್ರ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಈ ಡಿಸ್ಕುಗಳಲ್ಲಿ ಸಾಲಾಗಿ ತೂತುಗಳಿರುತ್ತವೆ. ಮುಂದಿನ ಬಲಗಡೆಯ ಡಿಸ್ಕಿನಲ್ಲಿ ಕೆಲವು ತೂತುಗಳ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು ಶುರುವಾಗಿತ್ತು. ಒಂದು ತೂತಿನಿಂದ ಇನ್ನೊಂದಕ್ಕೆ ಕೂಡಿರಲಿಲ್ಲ, ಅಂಚಿಗೂ ಹೋಗಿರಲಿಲ್ಲ. ಕಾದು ತಣಿದು ಕಾದು ತಣಿದು ಹೀಗಾಗುತ್ತದೆ. ಊರೊಳಗೆ ಓಡಿಸಲು ತೊಂದರೆಯಿಲ್ಲ. ಆದರೆ ಭಾಮೈದ ಮತ್ತೆ ಟ್ರ್ಯಾಕಿಗೆ ಹಾಕದೆ ಇರುವುದಿಲ್ಲ. ಅವನ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಒಂದು ಕಡೆ ಬದಲಾಯಿಸಿದರೆ ಇನ್ನೊಂದು ಕಡೆಯದ್ದೂ ಬದಲಾಯಿಸಬೇಕು. ಪ್ಯಾಡೂ ಹೊಸದು ಬೇಕು.

"ಸಾರ್, ಕಾರು ಒಳ್ಳೇದಿದೆ. ಮುಂದಿನ ಎರಡು ಡಿಸ್ಕು, ಪ್ಯಾಡಿನ ಖರ್ಚು ಬಿಟ್ಟುಕೊಟ್ರೆ ಇವತ್ತೇ ಅಡ್ವಾನ್ಸ್" ಎಂದೆ.

ಅವರೂ ಟಾರ್ಚ್ ಇಸಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಸರಿ ತಂಬಿ, ನೀನು ಹೇಳಿದ್ದು ಸರಿ ಇದೆ" ಎಂದು ಅಲ್ಲೇ ಒಪ್ಪಿಕೊಂಡರು. ಭಾಮೈದ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಕಾಗದಪತ್ರ ಅವನ ಹೆಸರಿಗೆ ಆಗುವುದು ಬಾಕಿ ಇದೆ. ಡಿಸ್ಕು ಬದಲಾಯಿಸುವ ದಿನ ನಾನೂ ರಜೆ ಹಾಕಿ ಹೋಗುತ್ತೇನೆ. ಬಿಚ್ಚಿದ ಹಳೇ ಡಿಸ್ಕು ನನಗೇ ಬೇಕು ಎಂದು ಈಗಲೇ ಹೇಳಿಟ್ಟಿದ್ದೇನೆ. ಶಾಪಿಗೆ ತಂದು ಅಡ್ಡಲಾಗಿ ಕೊಯ್ದು, ಒಳಗಿನ ಗಾಳಿದಾರಿಗಳನ್ನು ಅಷ್ಟು ತೆಳುವಾಗಿ ಹೇಗೆ ಎರಕ ಹೊಯ್ದಿದ್ದಾರೆ ಎಂದು ನಮ್ಮ ಹುಡುಗರಿಗೆ ತೋರಿಸಬೇಕು.